ಯುರೋಪಿನ ಲ್ಯೂಟ್ ವಾದ್ಯ: ಅದನ್ನು ಕಟ್ಟುತ್ತಿದ್ದ ಬಗೆ

ನಮ್ಮ ಸಂಘದ ತಂಬೂರಿಗೆ ಒದಗಿದ ಗತಿ ಶನಿವಾರದ ಭಜನೆಗೆ ಬರುವವರಿಗೆಲ್ಲ ಗೊತ್ತೇ ಇದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಒಣಗಿ, ಅದರ ಮುಂಭಾಗದ ಹಲಗೆ, ಎಂದರೆ ತಬಲಿ, ಕುದುರೆಯ ಪಕ್ಕದಲ್ಲಿ ಒಂದು ಗೇಣಿನಷ್ಟು ಸೀಳಿತು. ಹತ್ತಿರದ ಬಡಗಿಯೊಬ್ಬರನ್ನು ಕರೆಸಿದೆವು. ಅವರು ಪ್ರಾಮಾಣಿಕರು, ಕೆಲಸ ಗಟ್ಟಿಯಾಗಿರಬೇಕೆಂಬ ಹಟದವರು. ತಬಲಿಯನ್ನು ಎಬ್ಬಿಸಿ, ಒಳಗಡೆ ಅಂಗೈಯಗಲದ ಪ್ಲೈವುಡ್ ತುಂಡೊಂದನ್ನು, ಎರಡು ಟ್ಯೂಬು ಬೆರೆಸಿ ಹಚ್ಚುವ ಅಂಟಿನಿಂದ ಭದ್ರವಾಗಿ ಕೂರಿಸಿ, "ಇನ್ನು ನೂರು ವರ್ಷ ಇದು ಅಲುಗಾಡುವುದಿಲ್ಲ ನೋಡಿರಿ" ಎಂದು ಹೇಳಿ ಹೋದರು. ಅವರ ಮಾತು ನಿಜವಾಯಿತು. ತಬಲಿ ಅಲುಗಾಡಲೇ ಇಲ್ಲ. ತಂತಿ ಮೀಟಿದರೆ ತಗಡಿನ ಡಬ್ಬದ ಮೇಲೆ ಬೆರಳು ಬಡಿದಂತೆ ಒಂದು ಸದ್ದು, ಅಷ್ಟೆ. ಮೊದಲಿನ ಗುಂಗು ಎಲ್ಲಿಯೂ ಇಲ್ಲ.

ಮರ ಹೆಚ್ಚಾದರೆ ನಾದವೇಕೆ ಹೋಗಬೇಕು? ಈ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದಾಗ, ನಮ್ಮ ವಾಚನಾಲಯಕ್ಕೆ ಯಾರೋ ಪುಣ್ಯಾತ್ಮರು ಕೊಟ್ಟ ಚಿತ್ರಕಲೆಯ ಪುಸ್ತಕವೊಂದನ್ನು ತಿರುವುತ್ತಿದ್ದೆ. ಅದರಲ್ಲಿ ಹೊಲ್ಬೈನ್ ಎಂಬ ಚಿತ್ರಕಾರ 1533ರಲ್ಲಿ ಬರೆದ ಇಬ್ಬರು ರಾಯಭಾರಿಗಳ ದೊಡ್ಡ ಚಿತ್ರವಿದೆ. ಮೂಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಬ್ಬರ ನಡುವಿನ ಗೂಡಿನಲ್ಲಿ ಒಂದು ವಾದ್ಯ ಬೋರಲಾಗದೆ ಅಂಗಾತ ಮಲಗಿದೆ. ಅದರ ಒಂದು ತಂತಿ ಹರಿದು ಸುರುಳಿಯಾಗಿದೆ. ದುಂಡು ಬೆನ್ನು, ಗಿಡ್ಡ ಕುತ್ತಿಗೆ, ಹಿಂದಕ್ಕೆ ಮುರಿದಂತೆ ಬಾಗಿದ ತಲೆ. ಇದೇ ಲ್ಯೂಟ್. ಅದರ ವಿಷಯ ಓದುತ್ತ ಹೋದಂತೆ ನಮ್ಮ ತಂಬೂರಿಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಗಿರಣಿಯಲ್ಲಿ ಲೆಕ್ಕ ಬರೆಯುವವನಿಗೆ ಸಂಗೀತಶಾಸ್ತ್ರದ ಅಧಿಕಾರವಿಲ್ಲ. ಆದರೂ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಹೆಸರಿನ ಮಾತು. ಅರಬ್ಬರ 'ಅಲ್ ಊದ್' ಎಂಬ ವಾದ್ಯವೇ ಇದರ ತಾಯಿ. 'ಊದ್' ಎಂದರೆ ಕಟ್ಟಿಗೆ. ಅರಬ್ಬರು ಸ್ಪೇನ್ ಮತ್ತು ಸಿಸಿಲಿಗಳನ್ನು ಆಳುತ್ತಿದ್ದ ಕಾಲದಲ್ಲಿ ಅದು ಯುರೋಪಿಗೆ ದಾಟಿತು. ಹೆಸರು ಬಾಯಿಂದ ಬಾಯಿಗೆ ಸವೆದು ಸ್ಪೇನಿನಲ್ಲಿ 'ಲಾಊದ್', ಜರ್ಮನಿಯಲ್ಲಿ 'ಲಾಟೆ', ಇಂಗ್ಲೆಂಡಿನಲ್ಲಿ 'ಲ್ಯೂಟ್' ಆಯಿತು. ಅರಬ್ಬರ ಊದ್‌ಗೆ ಮೆಟ್ಟಿಲುಗಳಿಲ್ಲ; ಯುರೋಪಿನವರು ಕುತ್ತಿಗೆಗೆ ಮೆಟ್ಟಿಲು ಕಟ್ಟಿದರು. ಬಹುಕಾಲ ಅಲ್ಲಿಯವರೂ ಅದನ್ನು ಗರಿಯ ಕಡ್ಡಿಯಿಂದಲೇ ಮೀಟುತ್ತಿದ್ದರು. ಹದಿನೈದನೆಯ ಶತಮಾನ ಮುಗಿಯುವ ಹೊತ್ತಿಗೆ ಕಡ್ಡಿಯನ್ನು ಬಿಟ್ಟು ಬರಿ ಬೆರಳಿನಿಂದ ಮೀಟತೊಡಗಿದರು. ಕಡ್ಡಿಯಿಂದ ಒಂದು ಸಲಕ್ಕೆ ಒಂದು ಎಳೆ ನುಡಿಸಬಹುದು. ಬೆರಳುಗಳಾದರೆ ಎರಡು ಮೂರು ರಾಗದೆಳೆಗಳು ಒಟ್ಟಿಗೇ ನಡೆಯಬಹುದು. ಅವರ ಸಂಗೀತಕ್ಕೆ ಬೇಕಾದದ್ದೂ ಅದೇ. ಅಲ್ಲಿಂದ ಮುಂದೆ ಸುಮಾರು ನೂರೈವತ್ತು ವರ್ಷ ಈ ವಾದ್ಯದ್ದೇ ರಾಜ್ಯ. ಯುರೋಪಿನ ಪುನರುಜ್ಜೀವನ ಯುಗವೆಂದು ಇತಿಹಾಸದಲ್ಲಿ ಓದಿದ್ದೇವಲ್ಲ, ಆ ಕಾಲದ ಲ್ಯೂಟಿನ ವಿಷಯವನ್ನೇ ನಾನಿಲ್ಲಿ ಹೇಳುತ್ತಿರುವುದು.

ನಮ್ಮ ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ತೋಡುತ್ತಾರೆ. ತಂಬೂರಿಯ ಬುರುಡೆ ಹೊಲದಲ್ಲೇ ಬೆಳೆದು ಬರುತ್ತದೆ, ಸೋರೆಯ ರೂಪದಲ್ಲಿ. ಲ್ಯೂಟಿನ ದುಂಡು ಬೆನ್ನು ತೋಡಿದ್ದೂ ಅಲ್ಲ, ಬೆಳೆದದ್ದೂ ಅಲ್ಲ, ಕಟ್ಟಿದ್ದು. ಸುಲಿದ ಕಿತ್ತಳೆಯ ತೊಳೆಗಳನ್ನು ನೆನೆಯಿರಿ. ಹಾಗೆಯೇ ಎರಡು ತುದಿ ಚೂಪಾಗಿ ನಡುವೆ ಅಗಲವಾದ ಮರದ ಪಟ್ಟಿಗಳನ್ನು ಅಂಚಿಗೆ ಅಂಚು ತಾಗಿಸಿ ಅಂಟಿಸಿ ಅರ್ಧ ಪೇರುಹಣ್ಣಿನ ಆಕಾರ ತರುತ್ತಾರೆ. ಒಂದೊಂದು ಪಟ್ಟಿಯ ದಪ್ಪ ಒಂದರಿಂದ ಒಂದೂವರೆ ಮಿಲಿಮೀಟರ್, ಎಂದರೆ ಐದಾರು ಪೋಸ್ಟ್‌ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟಷ್ಟು. ಪಟ್ಟಿಗಳ ಸಂಖ್ಯೆ ಯಾವಾಗಲೂ ಬೆಸವೇ: ಒಂಬತ್ತು, ಹನ್ನೊಂದು, ಹದಿಮೂರು. ಬೆನ್ನಿನ ನಟ್ಟನಡುವೆ ಒಂದು ಪಟ್ಟಿ ಇದ್ದು ಎರಡು ಕಡೆಗೂ ಸಮನಾಗಿ ಉಳಿದವು ಬರಬೇಕಾದ್ದರಿಂದ ಬೇರೆ ದಾರಿಯಿಲ್ಲ. ಮೇಪಲ್, ಆ್ಯಶ್, ಯೂ ಎಂಬ ಮರಗಳು ಇದಕ್ಕೆ ಒಗ್ಗುತ್ತಿದ್ದವು. ದುಡ್ಡಿದ್ದವರಿಗೆ ಕರಿಮರ, ದಂತ ಕೂಡ. 1580ರ ಸುಮಾರಿಗೆ ಇನ್ಸ್‌ಬ್ರುಕ್ಕಿನ ಗಿಯೋರ್ಗ್ ಗೆರ್ಲೆ ಎಂಬವನು ದಂತದ ಪಟ್ಟಿಗಳಿಂದಲೇ ಕಟ್ಟಿದ ಲ್ಯೂಟ್ ಇಂದಿಗೂ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ.

ಯೂ ಮರದ ವಿಚಾರ ಸ್ವಾರಸ್ಯವಾಗಿದೆ. ಇದರ ತಿರುಳು ಕೆಂಗಂದು, ಹೊರಗಿನ ಮರ ಬಿಳಿ. ಪಟ್ಟಿಯನ್ನು ಸೀಳುವಾಗ ಅರ್ಧ ತಿರುಳು ಅರ್ಧ ಬಿಳಿ ಬರುವಂತೆ ಸೀಳಿದರೆ, ಬಣ್ಣ ಹಚ್ಚದೆಯೇ ಬೆನ್ನಿನ ಮೇಲೆ ಎರಡು ಬಣ್ಣದ ಗೆರೆಗಳು ಮೂಡುತ್ತವೆ. ಮುಂದೆ ಈ ಚಟ ಬೆಳೆದು ಒಂದೇ ಲ್ಯೂಟಿಗೆ ಐವತ್ತೊಂದು ಪಟ್ಟಿ ಕೂಡಿಸಿದವರೂ ಇದ್ದರು. ಅದೇ ಮರಕ್ಕೆ ಬಿಲ್ಲು ಮಾಡುವವರದೂ ಪೈಪೋಟಿ. ಇಂಗ್ಲಿಷ್ ಸಿಪಾಯಿಗಳ ಆಳೆತ್ತರದ ಬಿಲ್ಲು ಯೂ ಮರದ್ದೇ.

ಕಟ್ಟುವ ಕ್ರಮ ಹೀಗೆ. ಮೊದಲು ಬೆನ್ನಿನ ಆಕಾರಕ್ಕೆ ಸರಿಯಾಗಿ ಮರದ ಅಚ್ಚೊಂದನ್ನು ಮಾಡಿಕೊಳ್ಳಬೇಕು. ಪಟ್ಟಿಗಳನ್ನು ನೀರಿನಲ್ಲಿ ಒದ್ದೆ ಮಾಡಿ, ಕಾದ ಕಬ್ಬಿಣಕ್ಕೆ ಒತ್ತಿ ಒತ್ತಿ ಬಗ್ಗಿಸಬೇಕು. ಅವಸರ ಮಾಡಿದರೆ ಚಟ್ಟೆಂದು ಮುರಿಯುತ್ತದೆ. ನಡುವಿನ ಪಟ್ಟಿ ಮೊದಲು ಅಚ್ಚಿನ ಮೇಲೆ ಕೂರುತ್ತದೆ. ಅದರ ಮೇಲ್ತುದಿ ಒಂದು ಹಗುರ ಮರದ ದಿಮ್ಮಿಗೆ ಅಂಟುತ್ತದೆ. ಈ ದಿಮ್ಮಿಯೇ ಮುಂದೆ ಕುತ್ತಿಗೆಯನ್ನು ಹಿಡಿಯುವ ಆಧಾರ. ಅನಂತರ ಎಡಕ್ಕೊಂದು ಬಲಕ್ಕೊಂದು ಪಟ್ಟಿಗಳು. ಪ್ರತಿಯೊಂದರ ಅಂಚನ್ನೂ ಪಕ್ಕದ್ದಕ್ಕೆ ಬೆಳಕು ನುಸುಳದಂತೆ ಹೊಂದಿಸಬೇಕು. ಕೆಲಸದ ಬಹುಪಾಲು ಹೊತ್ತು ಹೋಗುವುದು ಇಲ್ಲಿಯೇ. ಬೆನ್ನು ಮುಗಿದ ಮೇಲೆ ಅಚ್ಚಿನಿಂದ ಎತ್ತಿ, ಒಳಗಡೆ ಪ್ರತಿಯೊಂದು ಬೆಸುಗೆಯ ಮೇಲೂ ಕಾಗದದ ಇಲ್ಲವೆ ತೊಗಲ ಹಾಳೆಯ ಪಟ್ಟಿ ಅಂಟಿಸುತ್ತಾರೆ. ಹಳೆಯ ಲ್ಯೂಟುಗಳಿಗೆ ಇಂಥ ಕೆಲಸಕ್ಕೆ ಬರೆದು ಬಿಸಾಡಿದ ಕಾಗದವೂ ಬಳಕೆಯಾಗುತ್ತಿತ್ತಂತೆ. ರದ್ದಿಯ ಬೆಲೆ ಗೊತ್ತಿದ್ದವರು! ಬೆನ್ನು ಮುಗಿದಾಗ ಕೈಯಲ್ಲಿ ಹಿಡಿದರೆ ಮೊಟ್ಟೆಯ ಚಿಪ್ಪು ಹಿಡಿದಂತೆ. ಬಾಗಿದ ಹಾಳೆ ಚಪ್ಪಟೆ ಹಾಳೆಗಿಂತ ಗಟ್ಟಿ ಎಂಬುದಷ್ಟೇ ಇದರ ಬಲ.

ಕುತ್ತಿಗೆಯನ್ನು ದಿಮ್ಮಿಗೆ ಅಂಟಿಸಿ, ಒಳಗಡೆಯಿಂದ ದಿಮ್ಮಿಯ ಮೂಲಕ ಒಂದು ಕಬ್ಬಿಣದ ಮೊಳೆ ಹೊಡೆಯುತ್ತಿದ್ದರು. ಇಷ್ಟು ನಾಜೂಕಿನ ವಾದ್ಯದಲ್ಲಿ ಮೊಳೆಯೆ ಎಂದು ನನಗೆ ಮೊದಲು ಆಶ್ಚರ್ಯವಾಯಿತು. ಆದರೆ ಆ ಮೊಳೆ ಶತಮಾನಗಟ್ಟಲೆ ಹಿಡಿದಿದೆ. ಕುತ್ತಿಗೆಯ ಒಳಮರವೂ ಹಗುರವಾದದ್ದೇ. ಮೇಲೆ ತೆಳ್ಳಗೆ ಕರಿಮರದ ಹೊದಿಕೆ. ನೋಡುವವರಿಗೆ ಇಡೀ ಕುತ್ತಿಗೆ ಕರಿಮರದ್ದೆಂದು ತೋರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬಂದೆ: ತಬಲಿ. ಬೆನ್ನಿಗೆ ಯಾವ ಮರವನ್ನೇ ಹಾಕಿರಲಿ, ತಬಲಿಗೆ ಮಾತ್ರ ಆಲ್ಪ್ಸ್ ಪರ್ವತದ ಸ್ಪ್ರೂಸ್ ಮರವೇ ಆಗಬೇಕು. ನಮ್ಮ ಹಿಮಾಲಯದ ದೇವದಾರುವಿಗೆ ಇದು ದೂರದ ನೆಂಟ. ಬೆಟ್ಟದ ಮೇಲೆ ಚಳಿಯಲ್ಲಿ ನಿಧಾನ ಬೆಳೆದ ಮರದಲ್ಲಿ ವರ್ಷದ ಗೆರೆಗಳು ಒತ್ತೊತ್ತಾಗಿ ನೇರವಾಗಿ ಇರುತ್ತವೆ. ಗೆರೆಯುದ್ದಕ್ಕೆ ಬಲು ಗಟ್ಟಿ, ತೂಕದಲ್ಲಿ ಬಲು ಹಗುರ. ಈ ಎರಡು ಗುಣ ಒಂದೇ ಮರದಲ್ಲಿ ಸಿಗುವುದು ಅಪರೂಪ. ಅದರಿಂದ ಎರಡು ಹಾಳೆ ಸೀಳಿ, ಪುಸ್ತಕ ಬಿಚ್ಚಿದಂತೆ ಪಕ್ಕಪಕ್ಕ ಅಂಟಿಸಿ, ಸುಮಾರು ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪಕ್ಕೆ ಕೆರೆಯುತ್ತಾರೆ. ಇಷ್ಟು ತೆಳು ಹಲಗೆಯ ಮೇಲೆ ಕುದುರೆಯನ್ನು ನೇರವಾಗಿ ಅಂಟಿಸಿಬಿಡುತ್ತಾರೆ. ವೀಣೆ ತಂಬೂರಿಗಳಲ್ಲಿ ತಂತಿ ಕುದುರೆಯ ಮೇಲೆ ಹಾಯ್ದು ಬುಡದಲ್ಲಿ ಬೇರೆಡೆ ಕಟ್ಟಿರುತ್ತದೆ. ಕುದುರೆಗೆ ಕೆಳಮುಖದ ಒತ್ತಡ. ಲ್ಯೂಟಿನಲ್ಲಿ ತಂತಿಯನ್ನು ಕುದುರೆಯ ತೂತಿಗೇ ಕಟ್ಟುತ್ತಾರೆ. ಎಳೆತವೆಲ್ಲ ಆ ತೆಳು ಹಲಗೆಯ ಮೇಲೆ; ಅದು ಕುದುರೆಯನ್ನು ಮುಂದಕ್ಕೆ ಜಗ್ಗಿ ಮಗುಚಲು ನೋಡುತ್ತದೆ. ಒಂದೊಂದು ತಂತಿ ಸುಮಾರು ಮೂರು ಕಿಲೋ ಎಳೆಯುತ್ತದೆಂದು ಹಿಡಿದರೆ, ಹನ್ನೊಂದು ತಂತಿಗೆ ಮೂವತ್ತು ಕಿಲೋಗೂ ಮೇಲಾಯಿತು. ಇಡೀ ವಾದ್ಯದ ತೂಕ ಒಂದು ಕಿಲೋ ಕೂಡ ಇಲ್ಲ! ತನ್ನ ಮೂವತ್ತು ಪಟ್ಟು ಎಳೆತವನ್ನು ರಾತ್ರಿ ಹಗಲು ಹೊತ್ತು ನಿಂತಿರುವ ವಸ್ತು ಅದು.

ಹಾಗಾದರೆ ಹಲಗೆಯನ್ನು ದಪ್ಪ ಮಾಡಬಾರದೆ? ನಮ್ಮ ಬಡಗಿಯವರು ಮಾಡಿದ್ದೂ ಅದನ್ನೇ. ತಂತಿಯನ್ನು ಬೆರಳು ಮೀಟಿದಾಗ ಅದಕ್ಕೆ ಸಿಗುವ ಶಕ್ತಿ ಅತ್ಯಲ್ಪ. ಬರಿಯ ತಂತಿ ಗಾಳಿಯನ್ನು ಕೊಯ್ದು ಹೋಗುತ್ತದೆಯೇ ಹೊರತು ತಳ್ಳುವುದಿಲ್ಲ. ಅದಕ್ಕಾಗಿ ಅದರ ಸದ್ದು ಒಂದು ಮಾರಿನಾಚೆಗೆ ಕೇಳಿಸದು. ತಂತಿ ಕುದುರೆಯನ್ನು ಅಲುಗಿಸಬೇಕು, ಕುದುರೆ ಹಲಗೆಯನ್ನು ಅಲುಗಿಸಬೇಕು, ಅಗಲವಾದ ಹಲಗೆ ಗಾಳಿಯನ್ನು ತಳ್ಳಬೇಕು. ಹಲಗೆ ಭಾರವಾದರೆ ಆ ಅಲ್ಪ ಶಕ್ತಿ ಅದನ್ನು ಅಲುಗಿಸುವುದರಲ್ಲೇ ತೀರಿಹೋಗುತ್ತದೆ. ಹಗುರಾದರೆ ನಾದ ಬರುತ್ತದೆ, ಆದರೆ ಮುರಿಯುವ ಭಯ. ಗಟ್ಟಿಯಾದರೆ ಭಯವಿಲ್ಲ, ಆದರೆ ನಾದವಿಲ್ಲ. ಲ್ಯೂಟ್ ಕಟ್ಟುವವನ ಇಡೀ ಬಾಳು ಈ ಎರಡರ ನಡುವಿನ ಕೂದಲೆಳೆಯ ಮೇಲೆ ನಡೆಯುವುದರಲ್ಲಿ ಕಳೆಯುತ್ತಿತ್ತು.

ಅವರು ಕಂಡುಕೊಂಡ ಉಪಾಯ ಅಡ್ಡಪಟ್ಟಿಗಳು. ಹಲಗೆಯ ಒಳಮೈಗೆ, ಗೆರೆಗಳಿಗೆ ಅಡ್ಡವಾಗಿ, ಅದೇ ಸ್ಪ್ರೂಸಿನ ಆರೇಳು ಸಣ್ಣ ತೊಲೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಅಂಟಿಸುತ್ತಿದ್ದರು. ಮರದ ಅಡ್ಡಗಲ ದುರ್ಬಲ. ಆ ದೌರ್ಬಲ್ಯವನ್ನು ಇವು ತುಂಬುತ್ತವೆ. ಚಪ್ಪಟೆಯಾಗಿ ಇಟ್ಟ ಪಟ್ಟಿ ಬಗ್ಗುತ್ತದೆ, ಅಂಚಿನ ಮೇಲೆ ನಿಂತದ್ದು ಬಗ್ಗುವುದಿಲ್ಲ. ಆದ್ದರಿಂದ ಕಡಿಮೆ ಮರದಲ್ಲಿ ಹೆಚ್ಚು ಬಲ. ನಮ್ಮ ಮನೆಗಳ ಮಾಳಿಗೆಯ ತೊಲೆಯನ್ನು ನಿಲ್ಲಿಸುವುದೂ ಹೀಗೆಯೇ ಅಲ್ಲವೆ? ಈ ತೊಲೆಗಳು ಎಲ್ಲೆಲ್ಲಿ ಬೀಳಬೇಕೆಂಬುದಕ್ಕೆ ಕೈವಾರದ ಲೆಕ್ಕವಿತ್ತು. ಕುದುರೆಯ ಜಾಗ ಹಲಗೆಯ ಬುಡದಿಂದ ಅದರ ಉದ್ದದ ಸುಮಾರು ಆರನೆಯ ಒಂದು ಪಾಲಿನಷ್ಟು ಮೇಲೆ. ಕುದುರೆಯ ಸುತ್ತ ಹಲಗೆಯನ್ನು ಆದಷ್ಟು ಬಿಡುವಾಗಿ ಬಿಟ್ಟು, ಅಲ್ಲಿ ಒಂದೆರಡು ಪುಟ್ಟ ಕಡ್ಡಿಗಳನ್ನಷ್ಟೇ ಅಂಟಿಸುತ್ತಿದ್ದರು. ನಮ್ಮ ಪ್ಲೈವುಡ್ ತುಂಡು ಕೂತದ್ದು ಸರಿಯಾಗಿ ಅದೇ ಜಾಗದಲ್ಲಿ!

ಈ ಕೈವಾರದ ಲೆಕ್ಕವನ್ನು ಬರೆದಿಟ್ಟವನು ಬಡಗಿಯಲ್ಲ, ವೈದ್ಯ. ಆನ್ರಿ ಆರ್ನೋ ಎಂಬವನು ಬರ್ಗಂಡಿಯ ಡ್ಯೂಕನ ಆಸ್ಥಾನದಲ್ಲಿ ವೈದ್ಯನೂ ಜ್ಯೋತಿಷಿಯೂ ಆಗಿದ್ದ. 1440ರ ಸುಮಾರಿಗೆ ಅವನು ಬರೆದ ಹಸ್ತಪ್ರತಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದರಲ್ಲಿ ಲ್ಯೂಟಿನ ರೂಪರೇಖೆಯನ್ನು ಅಳತೆಗಳಿಂದ ಹೇಳದೆ ವೃತ್ತಗಳಿಂದ ಹೇಳಿದ್ದಾನೆ: ಇಲ್ಲಿ ಕೈವಾರದ ಮೊನೆಯಿಡು, ಇಷ್ಟು ಅಗಲಿಸು, ಇಲ್ಲಿಂದ ಇಲ್ಲಿಗೆ ಎಳೆ. ಆದ್ದರಿಂದ ಚಿಕ್ಕ ಲ್ಯೂಟಿಗೂ ದೊಡ್ಡ ಲ್ಯೂಟಿಗೂ ಒಂದೇ ವಿಧಾನ ಸಾಕು. ಗಜದ ಅಳತೆ ಊರೂರಿಗೆ ಬೇರೆಯಾಗಿದ್ದ ಕಾಲದಲ್ಲಿ ಇದು ಜಾಣತನದ ಮಾತು.

ತಬಲಿಯ ನಡುವಿನ ಗುಲಾಬಿಯ ಮಾತನ್ನು ಬಿಟ್ಟರೆ ಲ್ಯೂಟ್ ನೋಡಿದವರು ನನ್ನನ್ನು ಕ್ಷಮಿಸರು. ನಾದ ಹೊರಡುವ ತೂತನ್ನು ಬರಿದೆ ಕೊರೆಯದೆ, ಆ ಹಲಗೆಯಲ್ಲೇ ಬಳ್ಳಿಗೆ ಬಳ್ಳಿ ಹೆಣೆದ ಜಾಲಂದ್ರವನ್ನು ಚೂಪು ಚಾಕುವಿನಿಂದ ಕೆತ್ತುತ್ತಾರೆ. ಬೇರೆ ಮಾಡಿ ತಂದು ಅಂಟಿಸಿದ್ದಲ್ಲ. ಒಂದು ಎಳೆ ಇನ್ನೊಂದರ ಮೇಲೆ ಹಾಯ್ದು ಕೆಳಗೆ ನುಸುಳಿದಂತೆ ಕಾಣಿಸುತ್ತದೆ, ನಮ್ಮ ಅಂಗಳದ ಎಳೆರಂಗೋಲಿಯಂತೆ. ಅರಬ್ಬರ ಕಸೂತಿಯ ನೆನಪು ಅದರಲ್ಲಿ ಉಳಿದುಕೊಂಡಿದೆ. ಚಾಕು ಒಂದು ಸಲ ಜಾರಿದರೆ ತಿಂಗಳ ಕೆಲಸ ಒಲೆಗೆ.

ಇನ್ನು ತಂತಿ. ಆಗ ಉಕ್ಕಿನ ತಂತಿಯಲ್ಲ, ಕುರಿಯ ಕರುಳನ್ನು ಹುರಿ ಹೊಸೆದು ಮಾಡಿದ್ದು. 1500ರ ಸುಮಾರಿನ ಲ್ಯೂಟಿಗೆ ಆರು ಸಾಲು. ಮೊದಲನೆಯದು ಒಂಟಿ, ಉಳಿದ ಐದೂ ಜೋಡಿ, ಒಟ್ಟು ಹನ್ನೊಂದು. ಜೋಡಿ ಯಾಕೆಂದರೆ ನಾದ ತುಂಬಿ ಬರಲೆಂದು. ದಪ್ಪ ಕರುಳು ಮಂದ್ರದಲ್ಲಿ ಮೊಂಡಾಗಿ ನುಡಿಯುತ್ತದೆ. ಲೋಹದ ಎಳೆ ಸುತ್ತಿದ ತಂತಿ ಬಂದದ್ದು 1660ರ ಆಚೀಚೆ. ಅಲ್ಲಿಯವರೆಗೆ ಮಂದ್ರದ ತಂತಿಯ ಪಕ್ಕದಲ್ಲಿ ಒಂದು ಸ್ಥಾಯಿ ಮೇಲಿನ ಸಣ್ಣ ತಂತಿಯನ್ನು ಜೊತೆಗಿಟ್ಟು ಅದರ ಮೊಂಡುತನವನ್ನು ಮುಚ್ಚುತ್ತಿದ್ದರು. ಶ್ರುತಿ ಕೂಡಿಸುವ ಕ್ರಮ: ಪಕ್ಕಪಕ್ಕದ ಸಾಲುಗಳ ನಡುವೆ ಷಡ್ಜದಿಂದ ಶುದ್ಧ ಮಧ್ಯಮದಷ್ಟು ಅಂತರ, ನಟ್ಟನಡುವಿನ ಎರಡು ಸಾಲುಗಳ ನಡುವೆ ಮಾತ್ರ ಷಡ್ಜದಿಂದ ಅಂತರಗಾಂಧಾರದಷ್ಟು. ಹೀಗೆ ಮೊದಲ ಸಾಲಿಗೂ ಆರನೆಯದಕ್ಕೂ ಸರಿಯಾಗಿ ಎರಡು ಸ್ಥಾಯಿ. ಕರುಳು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವುದಕ್ಕೆ ಆ ಕಾಲದ ಪುಸ್ತಕಗಳು ಹೇಳುವ ಪರೀಕ್ಷೆ: ಎರಡು ಕೈಯಲ್ಲಿ ಬಿಗಿಹಿಡಿದು ಬೆರಳಿನಿಂದ ಮೀಟಬೇಕು, ಎರಡು ಗೆರೆಗಳು ಸ್ಪಷ್ಟವಾಗಿ ಕಂಡರೆ ಕೊಳ್ಳಬೇಕು, ಕಲಸಿದಂತೆ ಕಂಡರೆ ಅಂಗಡಿಯವನಿಗೆ ಹಿಂತಿರುಗಿಸಬೇಕು. ನೂಲಿನ ಗಿರಣಿಯವರಾದ ನಮಗೆ ಇದು ಹೊಸದಲ್ಲ; ಎಳೆಯ ದಪ್ಪ ಒಂದೇ ಸಮನಾಗಿರದಿದ್ದರೆ ಏನಾಗುತ್ತದೆಂದು ಬಲ್ಲೆವು.

ಮೆಟ್ಟಿಲುಗಳೂ ಕರುಳಿನವೇ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಮೇಣದಲ್ಲಿ ಭದ್ರವಾಗಿ ಕೂತಿರುತ್ತವೆ. ಲ್ಯೂಟಿನವನ್ನು ಸಿತಾರಿನಲ್ಲಿ ದಾರದಿಂದ ಬಿಗಿದಂತೆ ಕುತ್ತಿಗೆಗೆ ಗಂಟು ಹಾಕಿರುತ್ತಾರೆ, ಬೇಕೆಂದರೆ ಸರಿಸಬಹುದು. ಎಲ್ಲಿ ಕಟ್ಟಬೇಕು? ಇಲ್ಲಿ ನಮ್ಮಂಥ ಲೆಕ್ಕದವರಿಗೆ ಒಂದು ಸಂತೋಷದ ವಿಷಯವಿದೆ. ಖಗೋಳಶಾಸ್ತ್ರಜ್ಞ ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ ಹೆಸರಾದ ಲ್ಯೂಟ್ ವಾದಕ. ಅವನು 1581ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹದಿನೆಂಟರ ಸೂತ್ರವನ್ನು ಹೇಳಿದ. ತಂತಿಯ ಉದ್ದವನ್ನು 18ರಿಂದ ಭಾಗಿಸಿ ಒಂದು ಪಾಲು ಬಿಟ್ಟು ಮೊದಲ ಮೆಟ್ಟಿಲು ಕಟ್ಟು. ಉಳಿದ ಉದ್ದವನ್ನು ಮತ್ತೆ 18ರಿಂದ ಭಾಗಿಸಿ ಎರಡನೆಯದು. ಹೀಗೇ ಮುಂದೆ. ನಾನು ಮಧ್ಯಾಹ್ನದ ಬಿಡುವಿನಲ್ಲಿ ಮಾಡಿ ನೋಡಿದೆ. ತಂತಿ 60 ಸೆಂಟಿಮೀಟರ್ ಇದ್ದರೆ ಮೊದಲ ಮೆಟ್ಟಿಲು 3.33ಕ್ಕೆ. ಉಳಿದದ್ದು 56.67, ಅದರ ಹದಿನೆಂಟನೆಯ ಪಾಲು 3.15. ಉಳಿದದ್ದು 53.52, ಅದರದ್ದು 2.97. ಹನ್ನೆರಡು ಸಲ ಮಾಡಿದ ಮೇಲೆ ಉಳಿಯುವುದು 30.22. ಹನ್ನೆರಡನೆಯದು ಮೇಲಿನ ಷಡ್ಜ, ಸರಿಯಾಗಿ ಅರ್ಧದಲ್ಲಿ, 30ರಲ್ಲಿ, ಬೀಳಬೇಕಾಗಿತ್ತು. ಎರಡು ಮಿಲಿಮೀಟರಿನ ತಪ್ಪು! ಲೆಕ್ಕ ತಾಳೆಯಾಗಲಿಲ್ಲವೆಂದು ಬೇಸರಿಸಿ ಕಾಗದವನ್ನು ಮಡಿಸಿಟ್ಟೆ. ಆಮೇಲೆ ತಿಳಿಯಿತು: ಬೆರಳಿನಿಂದ ಒತ್ತಿದಾಗ ತಂತಿ ತುಸು ಎಳೆದು ಸ್ವರ ಅಷ್ಟೇ ಮೇಲೇರುತ್ತದೆ, ಆ ಏರು ಈ ಇಳಿಕೆಯನ್ನು ತಿಂದುಹಾಕುತ್ತದೆ. ಕಾಗದದ ಮೇಲೆ ತಪ್ಪಾದದ್ದು ಕೈಯಲ್ಲಿ ಸರಿಯಾಯಿತು. ಅದೇ ವಿಂಚೆಂಜೊ ತಂತಿಗೆ ತೂಕ ಕಟ್ಟಿ ಪರೀಕ್ಷಿಸಿ, ಒಂದು ಸ್ಥಾಯಿ ಮೇಲೇರಬೇಕಾದರೆ ಭಾರ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕೆಂದು ತೋರಿಸಿದ. ಮಗನಿಗೆ ಪ್ರಯೋಗ ಮಾಡಿ ನೋಡುವ ಬುದ್ಧಿ ಎಲ್ಲಿಂದ ಬಂತೆಂದು ಊಹಿಸಬಹುದು.

ತಲೆ ಹಿಂದಕ್ಕೆ ಬಾಗಿರುವುದು ಅಂದಕ್ಕಲ್ಲ. ತಂತಿ ಕುತ್ತಿಗೆಯ ತುದಿಯ ಮೇರುವಿನ ಮೇಲೆ ಹಾಯ್ದು ಕೂಡಲೇ ಕಡಿದಾಗಿ ಇಳಿದರೆ ಅದು ತನ್ನ ಗೀರಿನಲ್ಲಿ ಬಿಗಿಯಾಗಿ ಕೂರುತ್ತದೆ, ಕರುಳಿನಂಥ ಮೆತ್ತನೆಯ ತಂತಿ ಸಡಿಲವಿದ್ದರೂ ಗುಂಯ್‌ಗುಡುವುದಿಲ್ಲ. ಬಿರಡೆಗಳು ನಮ್ಮವುಗಳಂತೆಯೇ, ಮರದ ಮೊನಚು ಗೂಟಗಳು. ತೇವಕ್ಕೆ ಬಿಗಿಯುತ್ತವೆ, ಒಣಗಿದರೆ ಜಾರುತ್ತವೆ. ಲ್ಯೂಟ್ ವಾದಕ ಎಂಬತ್ತು ವರ್ಷ ಬಾಳಿದರೆ ಅರವತ್ತು ವರ್ಷ ಶ್ರುತಿ ಕೂಡಿಸುವುದರಲ್ಲೇ ಕಳೆದಿರುತ್ತಾನೆಂದು ಜರ್ಮನಿಯ ಮಾಟೆಸನ್ ಎಂಬ ಸಂಗೀತ ಲೇಖಕ ಹಾಸ್ಯ ಮಾಡಿದ್ದಾನೆ. ನಮ್ಮ ಭಜನೆ ಶುರುವಾಗುವ ಹೊತ್ತನ್ನು ಬಲ್ಲವರು ನಗಬಾರದು.

ಈ ವಾದ್ಯಗಳನ್ನು ಕಟ್ಟಿದವರು ಯಾರು? ಹೆಸರಾದ ಲ್ಯೂಟುಗಳು ಬಂದದ್ದು ಇಟಲಿಯ ಬೊಲೋನ್ಯ, ವೆನಿಸ್, ಪಾಡುವ ಊರುಗಳಿಂದ. ಆದರೆ ಕಟ್ಟಿದವರು ಇಟಲಿಯವರಲ್ಲ. ಆಲ್ಪ್ಸ್ ಪರ್ವತದ ಉತ್ತರಕ್ಕೆ, ಲೆಖ್ ನದಿಯ ದಡದಲ್ಲಿ, ಫ್ಯೂಸೆನ್ ಎಂಬ ಸಣ್ಣ ಜರ್ಮನ್ ಊರಿದೆ. ಸುತ್ತ ಕಾಡು, ಸ್ಪ್ರೂಸ್, ಮೇಪಲ್, ಯೂ ಎಲ್ಲ ಕೈಗೆಟುಕುವಷ್ಟು ಹತ್ತಿರ. ರೋಮನರ ಕಾಲದಿಂದ ಇಟಲಿಗೆ ಹೋಗುವ ಹೆದ್ದಾರಿ ಆ ಊರ ಮೇಲೆಯೇ. ಅಲ್ಲಿ ಮನೆಮನೆಯಲ್ಲೂ ಲ್ಯೂಟ್ ಕೆಲಸ. 1562ರಲ್ಲಿ ಅವರು ಕಸುಬುದಾರರ ಸಂಘ ಕಟ್ಟಿ ನಿಯಮ ಮಾಡಿಕೊಂಡರು: ಊರಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಯಜಮಾನರಿರಬಾರದು. ಇದ್ದ ಇಪ್ಪತ್ತು ಮಂದಿಯ ಅನ್ನಕ್ಕೆ ಅದು ಒಳ್ಳೆಯದೇ. ಇಪ್ಪತ್ತೊಂದನೆಯವನು ಏನು ಮಾಡಬೇಕು? ಕೆಲಸ ಕಲಿತ ಹುಡುಗರು ಉಳಿಗಳನ್ನು ಗಂಟು ಕಟ್ಟಿಕೊಂಡು ಬೆಟ್ಟ ದಾಟಿದರು. ಸಂಘ ಹುಟ್ಟುವುದಕ್ಕೂ ಎಷ್ಟೋ ವರ್ಷ ಮುಂಚೆಯೇ ಹಾಗೆ ದಾಟಿ ಹೋಗಿದ್ದವರೂ ಬಹಳ ಮಂದಿ.

ಪಕ್ಕದ ಟೀಫನ್‌ಬ್ರುಕ್ ಎಂಬ ಹಳ್ಳಿಯಿಂದ ಹೊರಟ ಮನೆತನ ವೆನಿಸಿನಲ್ಲೂ ಪಾಡುವದಲ್ಲೂ ಅಂಗಡಿ ಹಾಕಿತು. ಅವರ ಹೆಸರು ಟೀಫನ್‌ಬ್ರುಕರ್. ಇಟಲಿಯವರ ನಾಲಗೆಗೆ ಅದು ಹೊರಳದೆ 'ಡಿಯೆಫೊಪ್ರುಕಾರ್' ಆಯಿತು. ಆಮೇಲೆ ತಾವೂ ಲ್ಯೂಟಿನೊಳಗಿನ ಚೀಟಿಯ ಮೇಲೆ ಹಾಗೆಯೇ ಬರೆದುಕೊಂಡರು. ಅದೇ ಮನೆತನದ ಗಾಸ್ಪರ್ ಎಂಬವನು ಫ್ರಾನ್ಸಿನ ಲಿಯೋನ್ ಪಟ್ಟಣಕ್ಕೆ ಹೋಗಿ 'ದ್ವಿಫೊಪ್ರುಗ್ಕಾರ್' ಆದ. 1558ರಲ್ಲಿ ಅಲ್ಲಿಯ ಪ್ರಜೆಯೂ ಆದ. ಹಾಜರಿ ಪುಸ್ತಕದಲ್ಲಿ ನಮ್ಮ ನಮ್ಮ ಹೆಸರುಗಳು ಹೇಗೆ ಹೇಗೆ ಆಗಿವೆಯೆಂದು ವಾಚಕರೇ ನೋಡಿಕೊಳ್ಳಬಹುದು.

ಎಲ್ಲರಿಗಿಂತ ದೊಡ್ಡ ಹೆಸರು ಬೊಲೋನ್ಯದಲ್ಲಿ ನೆಲೆಸಿದ ಜರ್ಮನ್ ಲೌಕ್ಸ್ ಮಾಲರನದು. ಅವನ ಲ್ಯೂಟುಗಳು ನೀಳವಾದ ಮುತ್ತಿನ ಹನಿಯ ಆಕಾರದವು, ಒಂಬತ್ತೋ ಹನ್ನೊಂದೋ ಅಗಲ ಪಟ್ಟಿಗಳವು. 1552ರಲ್ಲಿ ಅವನು ತೀರಿಕೊಂಡಾಗ ಅವನ ಕಾರ್ಖಾನೆಯ ಸಾಮಾನಿನ ಪಟ್ಟಿ ಮಾಡಿದರು. ಮುಗಿದವು ಅರೆಮುಗಿದವು ಸೇರಿ ಸುಮಾರು 1,100 ಲ್ಯೂಟುಗಳು! ಇದನ್ನು ಓದುವವರೆಗೆ ನನ್ನ ಮನಸ್ಸಿನಲ್ಲಿದ್ದದ್ದು ಮುದುಕನೊಬ್ಬ ಕಿಟಕಿಯ ಬಳಿ ಕೂತು ವರ್ಷಕ್ಕೊಂದು ವಾದ್ಯ ಕೆತ್ತುವ ಚಿತ್ರ. ಸಾವಿರದ ನೂರು ಲ್ಯೂಟು ಅಂಥವನ ಕೈಯಿಂದ ಆಗುವುದಿಲ್ಲ. ಪಟ್ಟಿ ಬಗ್ಗಿಸುವವರು, ತಬಲಿ ಕೆರೆಯುವವರು, ಬಿರಡೆ ಕಡೆಯುವವರು ಬೇರೆ ಬೇರೆಯಾಗಿ ದುಡಿದಿರಲೇಬೇಕು. ಚೀಟಿಯ ಮೇಲೆ ಒಬ್ಬನ ಹೆಸರು. ಉಳಿದವರ ಹೆಸರನ್ನು ಯಾವ ಪಟ್ಟಿಯಲ್ಲಿ ಹುಡುಕಬೇಕು?

ನೂರಿಪ್ಪತ್ತು ವರ್ಷ ಕಳೆದ ಮೇಲೆ ಇಂಗ್ಲೆಂಡಿನಲ್ಲಿ ಟಾಮಸ್ ಮೇಸ್ ಎಂಬವನು ಮಾಲರನ ಎರಡು ಲ್ಯೂಟುಗಳನ್ನು ನೋಡಿದ. ಬಡಿದು ಬಿರಿದು ನೋಡಲಾರದ ಸ್ಥಿತಿಯಲ್ಲಿದ್ದ ಹಳೆಯ ಸಾಮಾನು, ಬೆಲೆ ಮಾತ್ರ ಒಂದೊಂದಕ್ಕೆ ನೂರು ಪೌಂಡು ಎಂದು ಅವನು ಬರೆದಿದ್ದಾನೆ. ಈ ಮೇಸ್ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಹಾಡುವವನು. ಅವನು ತನ್ನ ಪುಸ್ತಕದ ಮುಖಪುಟದಲ್ಲಿ ತನ್ನನ್ನು ಕಾಲೇಜಿನ 'ಕ್ಲರ್ಕು'ಗಳಲ್ಲಿ ಒಬ್ಬನೆಂದು ಹೇಳಿಕೊಂಡಿದ್ದಾನೆ. ನಮ್ಮ ಅರ್ಥದ ಕ್ಲರ್ಕಲ್ಲದಿದ್ದರೂ ನನಗೆ ಅವನ ಮೇಲೆ ಮಮತೆ ಹುಟ್ಟಿತು. 1676ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಲ್ಯೂಟನ್ನು ಕಾಪಾಡುವ ಬಗೆಯನ್ನು ಬಹಳ ಅಕ್ಕರೆಯಿಂದ ಹೇಳುತ್ತಾನೆ. ಹಗಲು ಹೊತ್ತಿನಲ್ಲಿ ಅದನ್ನು ದಿನವೂ ಮಲಗುವ ಹಾಸಿಗೆಯಲ್ಲಿ, ಕಂಬಳಿಯ ಒಳಗೆ ಇಡಬೇಕಂತೆ. ಮೈ ತಾಗುವ ದುಪ್ಪಟಿಯಲ್ಲಿ ಮಾತ್ರ ಬೇಡ, ಅದರಲ್ಲಿ ಬೆವರಿನ ತೇವವಿರುತ್ತದೆ. ಲ್ಯೂಟ್ ಇರುವಾಗ ಯಾರೂ ಆ ಹಾಸಿಗೆಯ ಮೇಲೆ ಬಂದು ಬೀಳದಂತೆ ನೋಡಿಕೊಳ್ಳಬೇಕೆಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ನಗು ಬಂದರೂ ಕಾರಣ ಸರಿಯಾದದ್ದೇ. ಇಡೀ ಲ್ಯೂಟ್ ನಿಂತಿರುವುದು ಚರ್ಮವನ್ನು ಕುದಿಸಿ ತೆಗೆದ ಅಂಟಿನ ಮೇಲೆ. ತೇವಕ್ಕೆ ಅದು ಬಿಡುತ್ತದೆ, ತಂತಿಯ ಕರುಳು ಹರಿಯುತ್ತದೆ, ಮರ ಉಬ್ಬುತ್ತದೆ.

ಆದರೆ ಅಂಟು ಬಿಡುವುದು ದೋಷವೆಂದು ಆ ಕಾಲದವರು ತಿಳಿದಿರಲಿಲ್ಲ. ತಬಲಿ ಸೀಳಿದರೆ, ಒಳಗಿನ ತೊಲೆ ಸಡಿಲವಾದರೆ, ತೆಳು ಚಾಕುವನ್ನು ಅಂಚಿನಲ್ಲಿ ತೂರಿಸಿ ಇಡೀ ತಬಲಿಯನ್ನೇ ಎಬ್ಬಿಸಿ, ಸರಿಮಾಡಿ, ಮತ್ತೆ ಅಂಟಿಸುತ್ತಿದ್ದರು. ಮೇಸ್ ಅದರ ಕ್ರಮವನ್ನೂ ಬರೆದಿದ್ದಾನೆ. ಹೀಗೆ ಬಿಚ್ಚಿ ಕೂಡಿಸಲು ಬರುತ್ತಿದ್ದುದರಿಂದಲೇ ಮಾಲರನ ಬೆನ್ನುಗಳು ಶತಮಾನಗಳನ್ನು ದಾಟಿದವು. ತಂತಿಯ ಸಾಲು ಆರರಿಂದ ಏಳು, ಎಂಟು, ಹತ್ತಕ್ಕೆ ಏರಿ ಮುಂದೆ ಹನ್ನೊಂದು ಹದಿಮೂರಾದಾಗ, ಹಳೆಯ ಬೆನ್ನಿಗೆ ಹೊಸ ಅಗಲ ಕುತ್ತಿಗೆ ಕೂಡಿಸಿ ಬಳಸಿದರು. ಇಂದು ಉಳಿದಿರುವ ಮಾಲರನ ಲ್ಯೂಟುಗಳ ಕುತ್ತಿಗೆಗಳು ಅವನ ಕಾಲದವಲ್ಲ.

ಹದಿನೆಂಟನೆಯ ಶತಮಾನದ ಕೊನೆಗೆ ಲ್ಯೂಟ್ ಮೂಲೆ ಸೇರಿತು. ದೊಡ್ಡ ಸಭೆಗಳು ಬಂದವು, ಪಿಯಾನೊ ಬಂತು. ಈ ಮೆಲುದನಿ ಯಾರಿಗೂ ಕೇಳಿಸದಾಯಿತು. ಅರ್ನಾಲ್ಡ್ ಡೋಲ್ಮೆಚ್ ಎಂಬವರು 1893ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಒಂದು ಲ್ಯೂಟ್ ಕಟ್ಟಿದರು. ಆದರೆ ಅನಂತರದ ಎಷ್ಟೋ ವರ್ಷ ಹೊಸ ಲ್ಯೂಟುಗಳನ್ನು ಕಟ್ಟಿದ ಹಲವರು, ಮುರಿದೀತೆಂಬ ಭಯದಿಂದ, ಗಿಟಾರಿನಂತೆ ದಪ್ಪ ಹಲಗೆ, ಭಾರದ ತೊಲೆ, ಲೋಹದ ಮೆಟ್ಟಿಲು ಹಾಕಿದರು. ನೋಡಲು ಲ್ಯೂಟ್, ಕೇಳಲು ಅಲ್ಲ. ಕಡೆಗೆ ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯವುಗಳ ದಪ್ಪವನ್ನು ಅಳೆದು ನೋಡಿದವರಿಗೆ ಅವೆಷ್ಟು ತೆಳುವೆಂದು ಗೊತ್ತಾಯಿತು. ಆಮೇಲೆ ಕಟ್ಟಿದವು ಮತ್ತೆ ಹಾಡತೊಡಗಿದವು.

ನಮ್ಮ ತಂಬೂರಿಯನ್ನು ಹೋದ ತಿಂಗಳು ಮಿರಜಿಗೆ ಒಯ್ದಿದ್ದೆ. ವಾದ್ಯ ಮಾಡುವ ಹಿರಿಯರೊಬ್ಬರು ತಬಲಿಯ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು, "ಒಳಗೆ ಏನು ಹಾಕಿಸಿದ್ದೀರಿ?" ಎಂದು ಕೇಳಿದರು. ಹೇಳಿದೆ. ಹಳೆಯ ಅಂಟಾಗಿದ್ದರೆ ಬಿಸಿನೀರಿನ ಬಟ್ಟೆ ಹಾಕಿ ಪ್ಲೈವುಡ್ ಬಿಡಿಸಬಹುದಿತ್ತು, ಇದಕ್ಕೆ ಆಗದು, ತಬಲಿಯನ್ನೇ ಹೊಸದು ಹಾಕಬೇಕು ಎಂದರು. ದೀಪಾವಳಿಗೆ ಮುಂಚೆ ಕೊಡುವುದಾಗಿ ಒಪ್ಪಿದ್ದಾರೆ. ಅದಕ್ಕಾಗಿ ಎತ್ತಿದ ವಂತಿಗೆಯ ಲೆಕ್ಕ ವಾಚನಾಲಯದ ಫಲಕದ ಮೇಲಿದೆ. ಅಲ್ಲಿಯವರೆಗೆ ಭಜನೆಗೆ ಶ್ರುತಿಪೆಟ್ಟಿಗೆಯೇ ಗತಿ. ಹೊಲ್ಬೈನನ ಚಿತ್ರ ನೋಡಬೇಕೆನ್ನುವವರು ಕಪಾಟಿನ ಕೀಲಿಯನ್ನು ನನ್ನಿಂದ ಕೇಳಿ ಪಡೆಯಬಹುದು. ಪುಸ್ತಕ ಮನೆಗೆ ಕೊಡುವುದಿಲ್ಲ.